ಯಾವೂರಿನ ಕಲ್ಲು?

ಪುಸ್ತಕಕ್ಕೆ, ಸಿನಿಮಾಕ್ಕೆ, ಹೋಟೆಲಿನ ಮಸಾಲೆದೋಸೆಗೂ ವಿಮರ್ಶೆ ಬರೆಯುವ ಕಾಲ ಇದು. ಕಲ್ಲಿನ ಡಬ್ಬಿಗೆ ಯಾರಾದ್ರೂ ಬರೆದದ್ದನ್ನ ನಾನು ನೋಡಿಲ್ಲ. ಹಾಗಾಗಿ ಈ ವಾರ ಅದೇ. ಶಾಲಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ‘ಖನಿಜ ಮತ್ತು ಶಿಲೆಗಳ ಮಾದರಿ ಪೆಟ್ಟಿಗೆ’ ಅಂತ ಸಿಗುತ್ತಲ್ಲ, ಅದು. ನನ್ನ ಮುಂದಿರುವುದು ದಾವಣಗೆರೆಯ ವಿದ್ಯಾನಗರದಲ್ಲಿರೋ ನಮ್ಮಕ್ಕನ ಮನೆಗೆ, ಏಳನೇ ಕ್ಲಾಸಿನ ಅವಳ ಮಗಳಿಗೆ ಅಂತ ಬಂದದ್ದು. ತಯಾರಕರ ಹೆಸರು ಹೇಳಲ್ಲ. ಇಂಥ ನಾಲ್ಕೈದು ಡಬ್ಬಿಗಳನ್ನು ತೆಗೆದು ನೋಡಿದ್ದೇನೆ, ಎಲ್ಲವೂ ಒಂದೇ ಅಚ್ಚಿನವು. ಒಬ್ಬರನ್ನು ಮಾತ್ರ ಹಿಡಿದು ಬೈದರೆ ಅನ್ಯಾಯವಾಗುತ್ತೆ.

ಡಬ್ಬಿ ಹೀಗಿದೆ: ಗಟ್ಟಿ ರಟ್ಟಿನ ಪೆಟ್ಟಿಗೆ, ಒಳಗೆ 24 ಗೂಡು, ಒಂದೊಂದು ಗೂಡಿನಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಕಲ್ಲು. ಮುಚ್ಚಳದ ಒಳಮೈಗೆ ಇಂಗ್ಲಿಷಿನಲ್ಲಿ ಹೆಸರುಗಳ ಪಟ್ಟಿ. ಜತೆಗೊಂದು ಪ್ಲಾಸ್ಟಿಕ್ ಭೂತಗನ್ನಡಿ, ಎಂಟು ಪುಟದ ಕೈಪಿಡಿ. ಬೆಲೆ ಎಷ್ಟಪ್ಪಾ ಅಂದ್ರೆ, ನಾಲ್ಕು ಜನ ಹೊಟ್ಟೆ ತುಂಬ ಬೆಣ್ಣೆದೋಸೆ ತಿಂದು ಕಾಫಿ ಕುಡಿದಷ್ಟು. ದುಬಾರಿ ಅಂತ ನನಗನ್ನಿಸಲಿಲ್ಲ.

ಒಳ್ಳೇದನ್ನು ಮೊದಲು ಹೇಳಿಬಿಡ್ತೀನಿ. ಕಲ್ಲುಗಳ ಆಯ್ಕೆ ಚೆನ್ನಾಗಿದೆ. ಯಾರೋ ತಿಳಿದವರು ಕೂತು ಪಟ್ಟಿ ಮಾಡಿದ್ದಾರೆ ಅನ್ನೋದು ಗೊತ್ತಾಗುತ್ತೆ. ಸೀಸದ ಅದಿರು ಗೆಲೀನಾ ಇದೆ, ನೀರಿಗಿಂತ ಏಳೂವರೆ ಪಟ್ಟು ಭಾರ. ಪಕ್ಕದ ಗೂಡಿನಲ್ಲೇ ಬೆಣಚುಕಲ್ಲು ಇದೆ, ಅದು 2.65 ಪಟ್ಟು. ಎರಡನ್ನೂ ಒಂದೊಂದು ಅಂಗೈಯಲ್ಲಿಟ್ಟು ತೂಗಿದರೆ ಸಾಂದ್ರತೆ ಅನ್ನೋ ಪಾಠ ಅಲ್ಲಿಗೇ ಮುಗೀತು. ಪೈರೈಟಿನ ಹರಳು ಲೂಡೋ ದಾಳದ ಥರ ಚೌಕಾಕಾರ. ಅದನ್ನ ಯಾರೂ ಕೆತ್ತಿದ್ದಲ್ಲ, ಹಾಗೇ ಬೆಳೆದದ್ದು ಅಂದ್ರೆ ದೊಡ್ಡವರೂ ನಂಬಲ್ಲ. ಕಾಗೆಬಂಗಾರ ಇದೆ, ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಬಿಡಿಸಬಹುದು. ಆಮೇಲೆ ಕ್ಯಾಲ್ಸೈಟ್. ಓರೆಯಾಗಿ ತಳ್ಳಿದ ಪೆಟ್ಟಿಗೆಯಂಥ ಪಾರದರ್ಶಕ ತುಂಡು. ಅಕ್ಷರದ ಮೇಲಿಟ್ಟರೆ ಒಂದಕ್ಷರ ಎರಡಾಗಿ ಕಾಣುತ್ತೆ. 1669ರಲ್ಲಿ ಡೆನ್ಮಾರ್ಕಿನ ಎರಾಸ್ಮಸ್ ಬಾರ್ತೊಲಿನ್ ಎಂಬ ವಿದ್ವಾಂಸ ಐಸ್‌ಲ್ಯಾಂಡಿನಿಂದ ಬಂದ ಇಂಥದೇ ತುಂಡನ್ನು ನೋಡಿ ತಲೆ ಕೆಡಿಸಿಕೊಂಡು, ಬೆಳಕು ಅದರೊಳಗೆ ಎರಡಾಗಿ ಸೀಳುತ್ತದೆ ಅಂತ ಬರೆದಿಟ್ಟ. ಆ ಬಗೆಯ ಕ್ಯಾಲ್ಸೈಟಿಗೆ ಈಗಲೂ ಐಸ್‌ಲ್ಯಾಂಡ್ ಸ್ಪಾರ್ ಅಂತಲೇ ಹೆಸರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸಮಸ್ಯೆ ಏನಂದ್ರೆ ಅಂಗೈಯಲ್ಲಿಟ್ಟು ತೂಗೋಕೆ ಬರಲ್ಲ. ಕಲ್ಲುಗಳನ್ನು ಗೂಡಿಗೆ ಗಟ್ಟಿಯಾಗಿ ಅಂಟಿಸಿದ್ದಾರೆ. ಸಾಗಾಟದಲ್ಲಿ ಅದಲುಬದಲಾಗಬಾರದು ಅಂತ ಇರಬೇಕು. ನಮ್ಮ ಡಬ್ಬಿಯಲ್ಲಿ ಕ್ಯಾಲ್ಸೈಟ್ ಒಂದು ಅಂಟು ಬಿಟ್ಟು ಬಂದಿತ್ತು, ಅದರಿಂದಲೇ ಆ ಎರಡಕ್ಷರದ ಆಟ ಆಡೋಕಾಯ್ತು. ಈ ಉತ್ಪನ್ನದ ಅತ್ಯಂತ ಉಪಯುಕ್ತ ದೋಷ ಅದು. ಖನಿಜವನ್ನು ಗುರುತಿಸುವುದು ಕಣ್ಣಿಂದ ಅಲ್ಲ ಸ್ವಾಮಿ. ತೂಗಬೇಕು, ಗೀಚಬೇಕು, ಉಜ್ಜಬೇಕು, ಅಯಸ್ಕಾಂತ ಹಿಡಿಯಬೇಕು, ಒಂದು ತೊಟ್ಟು ನಿಂಬೆರಸ ಬಿಟ್ಟು ನೊರೆ ಬರುತ್ತಾ ನೋಡಬೇಕು. ಅಂಟಿಸಿದ ಕಲ್ಲು ಅಂದ್ರೆ ಪುಟ ತೆರೆಯದ ಹಾಗೆ ಹೊಲಿದ ಪುಸ್ತಕ.

ಕೈಪಿಡಿಯದ್ದು ಬೇರೆಯೇ ಕತೆ. ಗಡಸುತನ ಅಳೆಯುವ ಮೋಸ್ ಮಾಪಕವನ್ನು ವಿವರಿಸಿದ್ದಾರೆ. ಟಾಲ್ಕ್‌ಗೆ 1, ವಜ್ರಕ್ಕೆ 10. 1812ರ ಸುಮಾರಿಗೆ ಫ್ರೀಡ್ರಿಖ್ ಮೋಸ್ ಕಟ್ಟಿಕೊಟ್ಟ ಲೆಕ್ಕ ಇವತ್ತಿಗೂ ನಡೀತಿದೆ ಅನ್ನೋದೇ ಒಂದು ಸೋಜಿಗ. ಉಗುರು ಎರಡೂವರೆ, ಚಾಕು ಐದೂವರೆ, ಇಷ್ಟು ಸರಿ. ನಡುವೆ ಬರುತ್ತೆ ನೋಡಿ, ‘ತಾಮ್ರದ ನಾಣ್ಯ: 3’. ಯಾವ ನಾಣ್ಯ? ನಮ್ಮ ಒಂದು ರೂಪಾಯಿ, ಎರಡು ರೂಪಾಯಿ ಎಲ್ಲ ಸ್ಟೇನ್‌ಲೆಸ್ ಸ್ಟೀಲ್. ಆ ಮಗು ಪುಸ್ತಕ ಹೇಳಿದ ಹಾಗೆ ರೂಪಾಯಿ ನಾಣ್ಯದಿಂದ ಗೀಚುತ್ತೆ, ಗೀಚಬಾರದ ಕಲ್ಲಿಗೂ ಗೀರು ಬೀಳುತ್ತೆ, ಅಲ್ಲಿಗೆ ಇಡೀ ಪರೀಕ್ಷೆ ತಲೆಕೆಳಗು. ಹೊರದೇಶದ ಪುಸ್ತಕವನ್ನು ಎತ್ತಿ ಇಳಿಸಿಕೊಂಡಿದ್ದಾರೆ, ಒಂದು ಸಲನಾದ್ರೂ ತಾವೇ ಮಾಡಿ ನೋಡಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಗೇಣು ತಾಮ್ರದ ತಂತಿ ಎಷ್ಟಕ್ಕೆ ಸಿಗುತ್ತೆ? ಅದನ್ನೊಂದು ಡಬ್ಬಿಗೆ ಹಾಕಿದ್ರೆ ಮುಗೀತಿತ್ತು. ಉಜ್ಜಿದಾಗ ಬೀಳೋ ಗೆರೆಯ ಬಣ್ಣ ನೋಡೋಕೆ ಬೇಕಾದ ಪಿಂಗಾಣಿ ಬಿಲ್ಲೆಯೂ ಡಬ್ಬಿಯಲ್ಲಿಲ್ಲ. ಬಚ್ಚಲುಮನೆಯ ಟೈಲ್ಸ್ ಚೂರಿನ ಹಿಂಬದಿ ಸಾಕು ಅಂತ ಕೈಪಿಡಿಯಲ್ಲಿ ಒಂದು ಸಾಲು ಬರೆಯಬಹುದಿತ್ತು.

17ನೇ ಗೂಡಿನಲ್ಲಿ ಕಲ್ನಾರು. ಹತ್ತಿಯ ಎಳೆ ಥರ ಬಿಡಿಬಿಡಿಯಾಗಿ, ಯಾವ ಮುಚ್ಚಳವೂ ಇಲ್ಲದೆ. ಆ ಎಳೆ ಉಸಿರಿನಲ್ಲಿ ಒಳಗೆ ಹೋದರೆ ಶ್ವಾಸಕೋಶಕ್ಕೆ ಏನಾಗುತ್ತೆ ಅನ್ನೋದು ಜಗತ್ತಿಗೆಲ್ಲ ಗೊತ್ತಿರೋ ವಿಷಯ. ಮಕ್ಕಳ ಡಬ್ಬಿಯಲ್ಲಿ ಇದು ಇರಕೂಡದು, ಇಡಲೇಬೇಕು ಅಂದ್ರೆ ಗಾಜಿನ ಶೀಶೆಯಲ್ಲಿ ಮುಚ್ಚಿ ಇಡಬೇಕು. ಇದರಲ್ಲಿ ಎರಡನೇ ಮಾತಿಲ್ಲ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ನನ್ನ ನಿಜವಾದ ತಕರಾರು ಬೇರೆ ಇದೆ. ಅದನ್ನ ನನಗಿಂತ ಮುಂಚೆ ಕೇಳಿದ್ದು ನಮ್ಮಕ್ಕನ ಮಗಳು. ಮ್ಯಾಗ್ನೆಟೈಟ್ ಗೂಡಿನ ಮೇಲೆ ಬೆರಳಿಟ್ಟು, “ಮಾಮ, ಇದು ಯಾವೂರಿಂದು?” ಅಂದಳು. ಮುಚ್ಚಳ ನೋಡಿದೆ, ಕೈಪಿಡಿ ತಿರುವಿದೆ, ಡಬ್ಬಿಯ ಅಡಿ ನೋಡಿದೆ. ಎಲ್ಲೂ ಇಲ್ಲ. 24 ಕಲ್ಲು, ಒಂದಕ್ಕೂ ಊರಿಲ್ಲ.

ಬಸ್ಸಿನಲ್ಲಿ ಪಕ್ಕ ಕೂತವರನ್ನು ನಾವು ಮೊದಲು ಕೇಳೋದು “ನಿಮ್ದು ಯಾವೂರ್ರೀ?” ಅಂತ. ಹೆಸರು ಆಮೇಲೆ. ಎಷ್ಟೋ ಸಲ ಹೆಸರು ಕೇಳದೆಯೇ ಇಳಿದು ಹೋಗ್ತೀವಿ, ಊರು ಕೇಳದೆ ಮಾತ್ರ ಇಳಿಯಲ್ಲ. ಕಲ್ಲಿನ ವಿಷಯಕ್ಕೆ ಬಂದಾಗ ಈ ಬುದ್ಧಿ ಎಲ್ಲಿ ಹೋಯ್ತೋ.

ತಯಾರಕರ ಪರವಾಗಿ ವಾದ ಮಾಡಬಹುದು. ಬೆಣಚುಕಲ್ಲು ಬ್ರೆಜಿಲ್‌ನಲ್ಲೂ ಬೆಣಚುಕಲ್ಲೇ, ಹೊಳಲ್ಕೆರೆಯಲ್ಲೂ ಬೆಣಚುಕಲ್ಲೇ. ಅದೇ ಸಿಲಿಕಾನ್, ಅದೇ ಆಮ್ಲಜನಕ, ಅದೇ ಗಡಸುತನ 7. ಶಾಲೆಯ ಮಗುವಿಗೆ ಅಷ್ಟು ಸಾಲದೆ? ರಸಾಯನಶಾಸ್ತ್ರಕ್ಕೆ ಸಾಕು. ಭೂವಿಜ್ಞಾನಕ್ಕೆ ಸಾಲಲ್ಲ. ಅವಳು ಬೆರಳಿಟ್ಟ ಮ್ಯಾಗ್ನೆಟೈಟನ್ನೇ ತಗೊಳ್ಳಿ. ಅದರ ಚೀಟಿಯಲ್ಲಿ ‘ಕುದುರೆಮುಖ’ ಅಂತಿದ್ದರೆ, ಅದು ಯಾವುದೋ ಕಾಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ. ಜತೆಗೆ ಅದನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದ ಗಣಿಯ ಕತೆ, ಕಾಡು ಉಳಿಸಿ ಅಂತ ನಡೆದ ಹೋರಾಟ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತದ್ದು, ಎಲ್ಲ ಬರುತ್ತೆ. ‘ಉಬ್ರಾಣಿ, ಚನ್ನಗಿರಿ ತಾಲ್ಲೂಕು’ ಅಂತಿದ್ದರೆ, ನೋಡೋಕೆ ಅದೇ ಕರೀ ಕಲ್ಲು, ಅಯಸ್ಕಾಂತಕ್ಕೆ ಅದೇ ಥರ ಅಂಟುತ್ತೆ, ಆದರೆ ಹುಟ್ಟು ಬೇರೆ. ಅದು ನೆಲದೊಳಗೆ ಕುದಿಯುವ ಶಿಲಾರಸ ಆರುವಾಗ ಹರಳುಗಟ್ಟಿದ್ದು, ಒಳಗೆ ಟೈಟಾನಿಯಂ, ವನೇಡಿಯಂ ಸೇರಿಕೊಂಡಿದೆ. ‘ಹರಿಹರ, ತುಂಗಭದ್ರಾ ನದಿ’ ಅಂತಿದ್ದರೆ ಅದು ಕಲ್ಲೂ ಅಲ್ಲ, ಕಪ್ಪು ಮರಳು. ಮಲೆನಾಡಿನ ಬೆಟ್ಟಗಳನ್ನು ತುಂಗೆ ಭದ್ರೆಯರು ಉಜ್ಜಿ ಉಜ್ಜಿ ತಂದು ಹಾಕಿದ್ದು. ಒಂದೇ ಖನಿಜ, ಮೂರು ಊರು, ಮೂರು ಜನ್ಮ. ಡಬ್ಬಿಯವರು ಕೊಟ್ಟಿರೋದು ‘ನಂ. 9, ಮ್ಯಾಗ್ನೆಟೈಟ್’.

ಕೆಂಪು ಅದಿರು ಹೆಮಟೈಟಿಗೆ ‘ಸಂಡೂರು’ ಅಂತ ಒಂದು ಪದ ಸೇರಿಸಿ ನೋಡಿ. ಬಿಳೀ ಪಿಂಗಾಣಿಯ ಮೇಲೆ ಉಜ್ಜಿದಾಗ ಬೀಳೋ ಆ ಕೆಂಪು ಗೆರೆ, ಬಳ್ಳಾರಿ ಸೀಮೆಯ ರಸ್ತೆ, ಮರ, ಮನೆಯ ಮಾಡಿನ ಮೇಲೆಲ್ಲ ಕೂತಿದ್ದ ಧೂಳು, ಬೇಲೆಕೇರಿ ಬಂದರು, 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ಹಾಕಿದ ತಡೆ, ಎಲ್ಲ ಒಂದೇ ಗೆರೆಯಾಗಿಬಿಡುತ್ತೆ. ನಮ್ಮ ರಾಜ್ಯದ ಹತ್ತು ವರ್ಷದ ರಾಜಕೀಯ ಅರ್ಥವಾಗೋಕೆ ಅದಕ್ಕಿಂತ ಒಳ್ಳೆಯ ಪಾಠೋಪಕರಣ ನನಗಂತೂ ಗೊತ್ತಿಲ್ಲ.

ಹರಳು ಕೂಡಿಡುವ ಹವ್ಯಾಸಿಗಳ ಲೋಕದಲ್ಲಿ ಇದು ಹೊಸ ಮಾತೇನಲ್ಲ. ಅಲ್ಲಿ ಚೀಟಿ ಕಳೆದುಕೊಂಡ ಹರಳು ಅರ್ಧ ಸತ್ತ ಹಾಗೆ, ಬೆಲೆಯೂ ಬೀಳುತ್ತೆ. ಪುಣೆಯ ಪಕ್ಕದ ವಾಘೋಲಿಯ ಜಲ್ಲಿ ಕ್ವಾರಿಗಳಲ್ಲಿ ಕ್ಯಾವನ್‌ಸೈಟ್ ಅಂತ ಒಂದು ನೀಲಿ ಹರಳು ಸಿಗುತ್ತೆ, ಇಂಕಿನ ಬಾಟಲಿ ಒಡೆದು ಹೆಪ್ಪುಗಟ್ಟಿದಂಥ ನೀಲಿ. ಮೊದಲು ಸಿಕ್ಕಿದ್ದು ಅಮೆರಿಕದ ಒರೆಗಾನ್‌ನಲ್ಲಿ, ಆದರೆ ಸಂಗ್ರಹಕಾರರು ಬಾಯಿ ಬಿಡೋದು ವಾಘೋಲಿ ಅನ್ನೋ ಚೀಟಿಗೆ. ಅಮೆರಿಕದ ಟೂಸಾನ್ ಊರಲ್ಲಿ 1955ರಿಂದ ಖನಿಜಗಳ ಮೇಳ ನಡೀತಿದೆ. ದಖನ್ನಿನ ಕರೀಕಲ್ಲಿನ ಪೊಳ್ಳುಗಳಲ್ಲಿ ಬೆಳೆದ ಜಿಯೊಲೈಟ್ ಹರಳುಗಳು ಅಲ್ಲಿಗೂ ಹೋಗ್ತವೆ. ಎಷ್ಟೋ ಕಾಲ ಎಲ್ಲಿ ಸಿಕ್ಕಿದ್ದಕ್ಕೂ ವ್ಯಾಪಾರಿಗಳು ‘ಪೂನಾ’ ಅಂತಲೇ ಬರೆದು ಕಳಿಸ್ತಿದ್ದರು. ನಿಜವಾದ ಕ್ವಾರಿ ಯಾವುದು ಅಂತ ಪಕ್ಕದ ವ್ಯಾಪಾರಿಗೆ ಗೊತ್ತಾಗಬಾರದಲ್ಲ. ಆ ಜಾಣತನಕ್ಕೆ ಇವತ್ತು ಸಂಶೋಧಕರು ತಲೆ ಚಚ್ಚಿಕೊಳ್ಳುತ್ತಾರೆ. ಅಂದ ಹಾಗೆ, ಈ ಹರಳುಗಳನ್ನು ಚೆನ್ನಾಗಿ ನೋಡಬೇಕು ಅಂದ್ರೆ ಟೂಸಾನ್‌ಗೆ ಹೋಗಬೇಕಿಲ್ಲ, ನಾಸಿಕ್ ಹತ್ತಿರ ಸಿನ್ನರ್‌ನಲ್ಲಿ ಗಾರ್ಗೋಟಿ ಮ್ಯೂಸಿಯಂ ಇದೆ.

ಇದಕ್ಕೆ ವಿರುದ್ಧ ಉದಾಹರಣೆ ಬೇಕು ಅಂದ್ರೆ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದವರು, ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಬರೆದವರು, 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರು. ಜೀವಮಾನವೆಲ್ಲ ಕಲ್ಲು ಆಯ್ದರು. ಆ ಸಂಗ್ರಹ ಮದ್ರಾಸ್ ಮ್ಯೂಸಿಯಂ ಸೇರಿತು. ಅವರು 1912ರಲ್ಲಿ ತೀರಿಕೊಂಡ ಮೇಲೆ ಅದರ ಪಟ್ಟಿ ಅಚ್ಚಾಯಿತು. ಯಾವ ಕಲ್ಲು ಯಾವ ಊರಿನದ್ದು ಅನ್ನೋದು ಅದರಲ್ಲಿದೆ. ನೂರು ವರ್ಷ ಆದಮೇಲೂ ಪುರಾತತ್ವದವರು ಆ ಪಟ್ಟಿ ಹಿಡಿದು ಜಾಗ ಹುಡುಕಿಕೊಂಡು ಹೋಗಬಲ್ಲರು. ಚೀಟಿ ಇಲ್ಲದಿದ್ದರೆ ಅದು ಒಂದು ಲೋಡ್ ಜಲ್ಲಿ.

ಕಲ್ಲಿಗೆ ಊರಿನ ಹೆಸರೇ ಅಂಟಿಕೊಳ್ಳೋದೂ ಉಂಟು. ಐಸ್‌ಲ್ಯಾಂಡ್ ಸ್ಪಾರ್ ಆಗಲೇ ಹೇಳಿದೆ. ಬಾಬಾಬುಡನ್ ಗಿರಿಯ ಹೆಸರಲ್ಲಿ ‘ಬಾಬಾಬುಡನೈಟ್’ ಅಂತಲೇ ಒಂದು ಖನಿಜ ಇತ್ತು, ‘ಮೈಸೋರಿನ್’ ಅಂತ ಇನ್ನೊಂದು. ಮೊದಲನೆಯದು ಈಗ ಮೆಗ್ನೀಸಿಯೊ-ರೀಬೆಕೈಟ್ ಅನ್ನೋ ಹೆಸರಿನಲ್ಲಿ ಸೇರಿಹೋಗಿದೆ, ಎರಡನೆಯದು ಕಲಬೆರಕೆಯ ಮ್ಯಾಲಕೈಟ್ ಅಂತ ತೀರ್ಮಾನವಾಗಿ ಪಟ್ಟಿಯಿಂದಲೇ ಬಿದ್ದುಹೋಯ್ತು. ಡಬ್ಬಿಯ 14ನೇ ನಂಬರಿನ ‘ಕೊರಂಡಮ್’ ಅಂತೂ ನಮ್ಮ ಕಡೆಯದ್ದೇ ಮಾತು. ಕುರುಂದ, ಕುರುವಿಂದ ಅಂತ ದಕ್ಷಿಣದವರು ಕರೀತಿದ್ದ ಕಲ್ಲು ಇಂಗ್ಲಿಷಿಗೆ ಹೋಗಿ ಕೊರಂಡಮ್ ಆಗಿ, ಈಗ ವಿದ್ಯಾನಗರದ ಮಗುವಿಗೆ ಸ್ಪೆಲ್ಲಿಂಗ್ ಬಾಯಿಪಾಠ ಮಾಡೋ ಪದವಾಗಿ ವಾಪಸ್ ಬಂದಿದೆ. ಕೈಪಿಡಿಯಲ್ಲಿ ಒಂದೇ ಒಂದು ಕನ್ನಡ ಹೆಸರಿಲ್ಲ. ಟಾಲ್ಕಿನ ಮುಂದೆ ಬಳಪದ ಕಲ್ಲು ಅಂತ ಬರೆದಿದ್ದರೆ ಸಾಕಿತ್ತು, ಸ್ಲೇಟು ಬಳಪ ಕಂಡ ಅಜ್ಜಿಯೂ ಮೊಮ್ಮಗಳ ಜತೆ ಆ ಡಬ್ಬಿಯ ಮುಂದೆ ಕೂರುತ್ತಿದ್ದಳು.

ಶಾಲೆಯ ಡಬ್ಬಿಯನ್ನಷ್ಟೇ ಬೈದು ಸುಮ್ಮನಾದರೆ ನನ್ನ ಓರಗೆಯವರು ತಪ್ಪಿಸಿಕೊಂಡ ಹಾಗಾಗುತ್ತೆ. ಬೆಂಗಳೂರಿನ ನಮ್ಮ ಆಫೀಸುಗಳ ಮೇಜು ನೋಡಿ. ಲ್ಯಾಪ್‌ಟಾಪ್ ಪಕ್ಕ ಒಂದು ನೇರಳೆ ಅಮೆಥಿಸ್ಟ್, ಮಣಿಕಟ್ಟಿಗೊಂದು ಕಲ್ಲಿನ ಸರ, ಕ್ಯಾಶ್ ಕೌಂಟರಿನಲ್ಲಿ ಪೈರೈಟ್. ಇಲ್ಲೂ ಚೀಟಿ ಇರುತ್ತೆ, ಆದರೆ ಊರಿನ ಜಾಗದಲ್ಲಿ ಕೆಲಸ ಬರೆದಿರುತ್ತಾರೆ: ದುಡ್ಡು ಬರುತ್ತೆ, ನಿದ್ದೆ ಬರುತ್ತೆ, ನೆಗೆಟಿವ್ ಎನರ್ಜಿ ಹೋಗುತ್ತೆ. ನಂಬಿಕೆಯ ಬಗ್ಗೆ ನಾನು ಜಗಳ ತೆಗೆಯಲ್ಲ, ನಮ್ಮಜ್ಜಿಯೂ ಸ್ಫಟಿಕದ ಮಣಿಸರ ಹಾಕಿಕೊಂಡೇ ಜಪ ಮಾಡ್ತಿದ್ದಳು. ಸರಕಿನ ಬಗ್ಗೆ ಮಾತ್ರ ಹೇಳ್ತೀನಿ. ಬುಡ ಬೆಳ್ಳಗೆ, ತುದಿ ಸುಟ್ಟ ಕಿತ್ತಳೆ ಬಣ್ಣಕ್ಕಿರುವ ‘ಸಿಟ್ರಿನ್’ ಗೊಂಚಲು ಬಹುಪಾಲು ಒಲೆಯಲ್ಲಿ ಕಾಯಿಸಿದ ಅಮೆಥಿಸ್ಟ್. ‘ಆಪಲೈಟ್’ ಅನ್ನೋದು ಗಾಜು. ಮಿನುಗುವ ‘ಗೋಲ್ಡ್‌ಸ್ಟೋನ್’ ಕೂಡ ಗಾಜು, ಒಳಗೆ ತಾಮ್ರದ ಕಣ. ಕಾಮನಬಿಲ್ಲಿನ ಬಣ್ಣದ ‘ಔರಾ’ ಹರಳು ಅಂದ್ರೆ ಸಾಮಾನ್ಯ ಬೆಣಚುಕಲ್ಲಿಗೆ ಲೋಹದ ಆವಿಯ ಲೇಪ. ಗುಲಾಬಿ, ನೀಲಿ ಅಗೇಟ್ ಬಿಲ್ಲೆಗಳಿಗೆ ಬಣ್ಣ ಹಾಕಿರುತ್ತಾರೆ. ಮಾರಲಿ, ಚೆಂದ ಇದ್ದರೆ ನಾನೂ ಕೊಳ್ತೀನಿ. ಏನು ಮಾಡಿದ್ದೀರಿ ಅಂತ ಬರೆದು ಮಾರಲಿ.

ಇದರಲ್ಲಿ ನನಗೆ ತೀರಾ ಹೊಟ್ಟೆ ಉರಿಸಿದ್ದು ‘ರೂಬಿ ಇನ್ ಫುಕ್ಸೈಟ್’. ಹಸಿರು ಹಾಸಿನ ನಡುವೆ ಕೆಂಪು ಚುಕ್ಕೆಯ ಕಲ್ಲು, ಹೃದಯಚಕ್ರಕ್ಕೆ ಒಳ್ಳೇದು ಅಂತ ಚೀಟಿ. ಹಸಿರು ಭಾಗ ಒಂದು ಬಗೆಯ ಕಾಗೆಬಂಗಾರ, ಕೆಂಪು ಭಾಗ ಮಾಣಿಕ್ಯ, ಅಂದ್ರೆ ನಮ್ಮ ಕುರುಂದವೇ. ಇವೆರಡಕ್ಕೂ ಬಣ್ಣ ಕೊಟ್ಟಿರೋದು ಒಂದೇ ಧಾತು, ಕ್ರೋಮಿಯಂ. ಕಾಗೆಬಂಗಾರಕ್ಕೆ ಹೊಕ್ಕಾಗ ಹಸಿರು, ಕುರುಂದಕ್ಕೆ ಹೊಕ್ಕಾಗ ಕೆಂಪು. ಒಂದೇ ಕಲ್ಲಿನೊಳಗೆ ಅಕ್ಕಪಕ್ಕದಲ್ಲಿ ಈ ಎರಡು ಬಣ್ಣ ತೋರಿಸೋಕೆ ಯಾವ ಮೇಷ್ಟ್ರಿಗೂ ಇದಕ್ಕಿಂತ ಒಳ್ಳೆ ಮಾದರಿ ಸಿಗಲ್ಲ. ಜಗತ್ತಿನ ಮಾರುಕಟ್ಟೆಗೆ ಈ ಕಲ್ಲು ಹೋಗೋದು ಮುಖ್ಯವಾಗಿ ನಮ್ಮ ಮೈಸೂರು ಸೀಮೆಯಿಂದ. ಪಕ್ಕದ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮೈಟ್ ಗಣಿಯೇ ಇದೆ, ಅಂದ ಮೇಲೆ ಈ ನೆಲದಲ್ಲಿ ಕ್ರೋಮಿಯಂಗೆ ಬರವಿಲ್ಲ. ಮೈಸೂರಿನ ಕಲ್ಲು ಎಲ್ಲೆಲ್ಲೋ ಸುತ್ತಿ, ಮಣಿಯಾಗಿ, ಇಂಗ್ಲಿಷ್ ಹೆಸರಿಟ್ಟುಕೊಂಡು ಇಂದಿರಾನಗರಕ್ಕೆ ಬಂದು ಕೂತಿದೆ. ಕೊಳ್ಳುವ ಹುಡುಗಿ ಮೈಸೂರಿನವಳೇ ಇದ್ದರೂ ಇಬ್ಬರಿಗೂ ಗುರುತು ಹತ್ತಲ್ಲ.

ಹಾಗಾದ್ರೆ ಸರಿಯಾಗಿ ಚೀಟಿ ಬರೆದ ಕಲ್ಲು ಬೆಂಗಳೂರಿನಲ್ಲಿ ಇಲ್ಲವೇ? ಇದೆ. ಲಾಲ್‌ಬಾಗಿನ ಬಂಡೆ. ನಾವೆಲ್ಲ ಸಂಜೆ ಹತ್ತಿ ಕೂತು ಸೆಲ್ಫಿ ತೆಗೆದುಕೊಳ್ಳೋ ಜಾಗ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅಲ್ಲಿ ಫಲಕ ಹಾಕಿದೆ: ಪೆನಿನ್ಸುಲಾರ್ ನೈಸ್, ಸುಮಾರು 300 ಕೋಟಿ ವರ್ಷ, ಈ ಹೆಸರನ್ನು 1916ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಕೊಟ್ಟರು ಅಂತ. ಏನು, ಎಲ್ಲಿ, ಎಷ್ಟು ಕಾಲದ್ದು, ಯಾರು ಹೇಳಿದ್ದು. ಚೀಟಿ ಅಂದ್ರೆ ಇಷ್ಟೇ.

ದಾವಣಗೆರೆಯ ಮಗುವಿಗೆ ದಾವಣಗೆರೆಯವರೇ ಒಂದು ಡಬ್ಬಿ ಮಾಡಿದರೆ ಅದರಲ್ಲಿ ಏನಿರಬಹುದು ಅಂತ ಯೋಚಿಸಿದೆ. ಮೊದಲ ಗೂಡಿಗೆ ಊರಾಚೆ ಕ್ರಷರಿನಿಂದ ಒಂದು ಹಿಡಿ ಜಲ್ಲಿ. ಅದು ಲಾಲ್‌ಬಾಗ್ ಬಂಡೆಯ ಬಂಧುವೇ, ಕಪ್ಪು ಬಿಳಿ ಪಟ್ಟೆ ಸರಿಯಾಗಿ ಕಾಣುತ್ತೆ. ಎರಡನೇದಕ್ಕೆ ಹರಿಹರದ ಹೊಳೆಯ ಕಪ್ಪು ಮರಳು, ಪ್ಲಾಸ್ಟಿಕ್ ಚೀಲ ಸುತ್ತಿದ ಅಯಸ್ಕಾಂತ ಆಡಿಸಿದರೆ ಹತ್ತು ನಿಮಿಷಕ್ಕೆ ಒಂದು ಚಮಚ ಸಿಗುತ್ತೆ. ಹೊಳೆಗೆ ಹೋದವರು ಹರಿಹರೇಶ್ವರನ ಗುಡಿಗೂ ಹೋಗಿ ಬರಬೇಕು. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅಲ್ಲಿನ ಕಡೆದ ಕಂಬಗಳನ್ನು ನೋಡಿದರೆ, ಹೊಯ್ಸಳರ ಶಿಲ್ಪಿಗಳು ಯಾಕೆ ಮೆತ್ತನೆಯ ಬಳಪದ ಕಲ್ಲಿಗೆ ಅಷ್ಟು ಮನಸೋತರು ಅಂತ ಮೋಸ್ ಮಾಪಕ ಓದದೆಯೇ ತಿಳಿಯುತ್ತೆ. ಉಬ್ರಾಣಿಯ ಕರೀ ಅದಿರು ಆಗಲೇ ಹೇಳಿದೆ. ಚಿತ್ರದುರ್ಗ ಜಿಲ್ಲೆಗೆ ಕಾಲಿಟ್ಟರೆ ಘಟ್ಟಿಹೊಸಹಳ್ಳಿ. ಅಲ್ಲಿ ಹಸಿರು ಫುಕ್ಸೈಟ್ ಬೆರೆತ ಬೆಣಚುಶಿಲೆ ಇದೆ, 300 ಕೋಟಿ ವರ್ಷಕ್ಕೂ ಹಳೆಯ ಬೆರೈಟ್ ಪದರಗಳಿವೆ. ನೋಡೋಕೆ ಸಾದಾ ಕಲ್ಲು, ಎತ್ತಿದರೆ ನೀರಿಗಿಂತ ನಾಲ್ಕೂವರೆ ಪಟ್ಟು ಭಾರ, ಯಾರೋ ಒಳಗೆ ಕಬ್ಬಿಣ ತುಂಬಿದ್ದಾರೇನೋ ಅನ್ನಿಸುತ್ತೆ. ಭೂವಿಜ್ಞಾನಿಗಳು ದೂರದ ದೇಶಗಳಿಂದ ಈ ಹಳ್ಳಿಯ ಹೆಸರು ಹೇಳ್ತಾರೆ. ನಮ್ಮ ಡಬ್ಬಿಯ ಬೆರೈಟ್ ಬಹುಶಃ ಆಂಧ್ರದ ಮಂಗಂಪೇಟೆಯದ್ದು, ದೇಶದ ದೊಡ್ಡ ಗಣಿ ಅದೇ. ತಪ್ಪೇನಿಲ್ಲ, ಹಾಗಂತ ಬರೆಯಬೇಕಿತ್ತು ಅಷ್ಟೇ.

ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತು. ಚಾಲ್ಕೊಪೈರೈಟ್ ಅನ್ನೋ ಹಿತ್ತಾಳೆ ಬಣ್ಣದ ಅದಿರು. ಗಣಿ ಮುಚ್ಚಿ ಕಾಲವಾಯ್ತು. ಅಲ್ಲಿಂದ ಐಮಂಗಲದ ಕಡೆ ಬಂದರೆ ಮರಡಿಹಳ್ಳಿ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ಮೇಲ್ಮೈ ತಣ್ಣಗಾಗಿ ದಿಂಬು ದಿಂಬಾಗಿ ಗಟ್ಟಿಯಾದ ಜಾಗ. ಅಂದ್ರೆ ಚಿತ್ರದುರ್ಗದ ಈ ಬಯಲು ಒಂದು ಕಾಲಕ್ಕೆ ನೀರಿನ ಕೆಳಗಿತ್ತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಬೆಂಗಳೂರಿನಿಂದ ದಾವಣಗೆರೆಗೆ ಹಬ್ಬಕ್ಕೆ ಅಂತ ಹೋಗೋ ನಾವೆಲ್ಲ ಹೆದ್ದಾರಿಯಲ್ಲಿ ಅದರ ಹತ್ತಿರದಿಂದಲೇ ನೂರರ ಸ್ಪೀಡಿನಲ್ಲಿ ದಾಟಿ ಹೋಗ್ತೀವಿ. ಇಲ್ಲಿಂದ ಮಾತ್ರ ಒಂದು ಚೂರೂ ಎತ್ತಬಾರದು, ಸುತ್ತಿಗೆ ಕಾರಿನಲ್ಲೇ ಇರಲಿ. ಡಬ್ಬಿಯ ಆ ಗೂಡಿಗೆ ಫೋಟೋ ಸಾಕು.

ಈ ಮಾತು ಬಂದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಊರಿನ ಹೆಸರು ಬರೆದರೆ ಜನ ಅಲ್ಲಿಗೇ ಹೋಗಿ ಒಡೆದು ತರಲ್ಲವೇ? ಕೆಲವರು ಮಾಡ್ತಾರೆ. ಸ್ಮಾರಕಗಳ ವಿಷಯದಲ್ಲಿ ಆ ಭಯ ನಿಜವೇ. ಪಾಳು ಗಣಿಗಳಿಗೆ ಇಳಿಯೋದು ಪ್ರಾಣಕ್ಕೇ ಅಪಾಯ. ಆದರೆ ಉಳಿದ ಕಡೆ ಕಲ್ಲನ್ನು ಹಾಳು ಮಾಡ್ತಿರೋದು ಸುತ್ತಿಗೆ ಹಿಡಿದ ಹವ್ಯಾಸಿಯಲ್ಲ, ಕ್ರಷರ್. ಕ್ರಷರಿಗೆ ಎಲ್ಲ ಕಲ್ಲೂ ಒಂದೇ, 20 ಎಂ.ಎಂ. ಜಲ್ಲಿ. ಹೆಸರಿಲ್ಲದ್ದನ್ನು ಪುಡಿ ಮಾಡುವಾಗ ಯಾರೂ ಬೇಡ ಅನ್ನಲ್ಲ.

ನಮ್ಮ ಕಾಲೇಜುಗಳ ಒಳಗೂ ಇದೇ ನಡೀತಿದೆ. ಸಿವಿಲ್ ಎಂಜಿನಿಯರಿಂಗ್ ಓದಿದ ಗೆಳೆಯರಿಗೆ ಜಿಯಾಲಜಿ ಲ್ಯಾಬ್ ನೆನಪಿರುತ್ತೆ: ಕಲ್ಲು ನೋಡು, ಹೆಸರು ಬರಿ, ಹತ್ತು ಮಾರ್ಕ್ಸ್. ನಮ್ಮ ಕಡೆಯದ್ದೇ ಒಂದು ಕಾಲೇಜಿನಲ್ಲಿ ಹಳೇ ಮರದ ಡ್ರಾಯರುಗಳನ್ನು ನೋಡಿದ್ದೆ. ಪ್ರತಿ ಕಲ್ಲಿಗೂ ಬಿಳೀ ಬಣ್ಣದ ಬೊಟ್ಟು, ಅದರ ಮೇಲೆ ಕರೀ ಶಾಯಿಯಲ್ಲಿ ನಂಬರು. ಯಾರೋ ಮೇಷ್ಟ್ರು ಎಷ್ಟೋ ವರ್ಷ ತಿರುಗಿ ಆಯ್ದು ತಂದದ್ದು. ನಂಬರಿಗೆ ಊರು ಹೇಳುವ ರಿಜಿಸ್ಟರು ಕೇಳಿದೆ. ಕಟ್ಟಡ ಬದಲಾದಾಗ ಎಲ್ಲೋ ಹೋಯ್ತು ಅಂದರು. ಮೂರು ಕಲ್ಲಿಗೆ ಮಾತ್ರ ಮೈಮೇಲೇ ಪೆನ್ಸಿಲಿನಲ್ಲಿ ‘ಕೋಲಾರ’ ಅಂತಿತ್ತು. ಮುಂದಿನ ಸಲ ಹೋದಾಗ ಡ್ರಾಯರಿನ ಜಾಗದಲ್ಲಿ ಕಂಪ್ಯೂಟರ್ ಬಂದಿತ್ತು, ಕಲ್ಲುಗಳು ಗೋಣಿಚೀಲದಲ್ಲಿ ಮೆಟ್ಟಿಲ ಕೆಳಗಿದ್ದವು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತಂದ ಬೆಣಚುಕಲ್ಲು ಅದು, ಇನ್ನು ಯಾರೂ ಇಳಿದು ತರೋಕಾಗಲ್ಲ. ಚೀಲದೊಳಗೆ ಅದು ಬೇರೆ ಬೆಣಚುಕಲ್ಲುಗಳ ಜತೆ ಸೇರಿ, ಪೆನ್ಸಿಲ್ ಅಳಿಸಿಹೋದರೆ, ಗುರುತಿಸೋಕೆ ದಾರಿಯೇ ಇಲ್ಲ.

ಈಗ ಡಬ್ಬಿಗೆ ವಾಪಸ್ ಬರೋಣ. ಕೊಳ್ಳಬಹುದೇ? ಬೇರೆ ಗತಿಯಿಲ್ಲದಿದ್ದರೆ ಕೊಳ್ಳಿ. ತಂದ ದಿನವೇ ಚೂಪಾದ ಚಾಕುವಿನಿಂದ ಅಂಟು ಬಿಡಿಸಿ, ಕಲ್ನಾರನ್ನು ಮುಟ್ಟದೆ ಗೂಡಿನ ಸಮೇತ ಕತ್ತರಿಸಿ ಶೀಶೆಗೆ ಹಾಕಿ ಮುಚ್ಚಳ ಬಿಗಿ ಮಾಡಿ, ಕೈಪಿಡಿಯ ನಾಣ್ಯದ ಸಾಲು ಹೊಡೆದುಹಾಕಿ, ಒಂದು ಗೇಣು ತಾಮ್ರದ ತಂತಿ, ಒಂದು ಟೈಲ್ಸ್ ಚೂರು ಸೇರಿಸಿ. ಆಮೇಲೆ ಡಬ್ಬಿಯ ಮೇಲಿರೋ ನಂಬರಿಗೆ ಫೋನ್ ಮಾಡಿ, ಒಂಬತ್ತನೇ ಕಲ್ಲು ಯಾವೂರಿನದ್ದು ಅಂತ ಕೇಳಿ. ನಾನು ಮಾಡಿದ್ದೆ. “ಇಂಡಿಯಾದ್ದೇ ಸರ್, ಇಂಪೋರ್ಟೆಡ್ ಅಲ್ಲ” ಅಂತ ಆ ಹುಡುಗ ಧೈರ್ಯ ಹೇಳಿದ. ಇನ್ನೂ ಐವತ್ತು ಜನ ಕೇಳಿದರೆ ಮುಂದಿನ ಅಚ್ಚಿನಲ್ಲಿ ಒಂದು ಕಾಲಂ ಹೆಚ್ಚಾದರೂ ಆಗಬಹುದು.